ಜಮಖಂಡಿಯಿಂದ ಸಮನ್ಸ್ ಬಂದರೆ ನಿಮ್ಮ ಪರ ಯಾರು?
ಪರಿಹಾರದ ಕೇಸುಗಳಲ್ಲಿ ಪ್ರತಿವಾದಿ ಪರ ನಿಲ್ಲುವ ವಕೀಲರ ವೃತ್ತಿಯ ಕುರಿತು ಒಂದು ನೋಟ

ಲಾರಿ, ಟೆಂಪೊ, ಪಿಕಪ್‌ ನೆಚ್ಚಿಕೊಂಡು ಬದುಕುವ ಮನೆಗಳು ನಮ್ಮ ಬ್ಯಾರಿ ಸಮುದಾಯದಲ್ಲಿ ಬಹಳಷ್ಟಿವೆ. ಮೀನೋ ತೆಂಗಿನಕಾಯಿಯೋ ಹೇರಿಕೊಂಡು ಘಟ್ಟ ಹತ್ತಿದ ಗಾಡಿ ಹುಬ್ಬಳ್ಳಿ ದಾಟಿ ಬಾಗಲಕೋಟೆ ಜಿಲ್ಲೆಯ ತನಕ ಹೋಗುವುದುಂಟು. ಅಲ್ಲಿ ಮುಧೋಳದ ದಾರಿಯಲ್ಲಿ ಒಂದು ಅಪಘಾತವಾಯಿತು ಎಂದಿಟ್ಟುಕೊಳ್ಳಿ. ಪೊಲೀಸ್ ಕೇಸು ಆಯಿತು, ಗಾಡಿ ಬಿಡಿಸಿಕೊಂಡು ಬಂದದ್ದೂ ಆಯಿತು. ಕೆಲವು ತಿಂಗಳ ಬಳಿಕ ಮನೆಗೆ ಕೋರ್ಟಿನ ಸಮನ್ಸ್ ಬರುತ್ತದೆ. "ಇನ್ಶೂರೆನ್ಸ್ ಉಂಟಲ್ಲ, ಕಂಪೆನಿಯವರು ನೋಡಿಕೊಳ್ತಾರೆ" ಎಂದು ಅದನ್ನು ಕಪಾಟಿನಲ್ಲಿಟ್ಟು ಸುಮ್ಮನಾಗುವವರಿದ್ದಾರೆ. ಆ ಸುಮ್ಮನಿರುವಿಕೆಗೆ ಮನೆಯನ್ನೇ ಬೆಲೆಯಾಗಿ ತೆರಬೇಕಾಗಬಹುದು. ಅದಕ್ಕಾಗಿಯೇ ಈ ವಾರ ನಾವು ಈ ವಿಷಯ ಎತ್ತಿಕೊಂಡಿದ್ದೇವೆ.

ಕಬ್ಬಿನ ನಾಡಿನ ಕೋರ್ಟುಗಳು

ಜಮಖಂಡಿ, ಮುಧೋಳ ಎರಡೂ ಹಿಂದೆ ಸಂಸ್ಥಾನಗಳು. ಒಂದು ಪಟವರ್ಧನರದ್ದು, ಇನ್ನೊಂದು ಘೋರ್ಪಡೆಯವರದ್ದು. ಬೀಳಗಿ ಆಲಮಟ್ಟಿ ಹಿನ್ನೀರಿನಿಂದ ಊರು, ಹೊಲ ಕಳಕೊಂಡವರ ತಾಲೂಕು. ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು. ಕೃಷ್ಣಾ, ಘಟಪ್ರಭಾ ನೀರು ಹರಿದಲ್ಲೆಲ್ಲ ಕಬ್ಬು. ಕಬ್ಬಿದ್ದಲ್ಲಿ ಸಕ್ಕರೆ ಕಾರ್ಖಾನೆ. ಹಂಗಾಮು ಶುರುವಾದರೆ ಒಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಗಾಡಿಗಳು ರಾತ್ರಿಯಿಡೀ ರಸ್ತೆಯಲ್ಲಿರುತ್ತವೆ. ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಟ್ರೇಲರ್‌ಗೆ ಬೈಕ್ ಗುದ್ದಿದರೆ ಒಂದು ಸಂಸಾರವೇ ಬೀದಿಗೆ ಬಿತ್ತು. ಜಮಖಂಡಿಯ ಶಾಸಕರಾಗಿದ್ದ, ರೈತರನ್ನು ಕಟ್ಟಿಕೊಂಡು ಕೃಷ್ಣೆಗೆ ಬ್ಯಾರೇಜ್ ಕಟ್ಟಿಸಿದ ಸಿದ್ದು ನ್ಯಾಮಗೌಡರು 2018ರ ಮೇ ತಿಂಗಳಲ್ಲಿ ತೀರಿಕೊಂಡದ್ದೂ ಇದೇ ಜಿಲ್ಲೆಯ ರಸ್ತೆ ಅಪಘಾತದಲ್ಲಿ.

ಅಪಘಾತ ಪರಿಹಾರದ ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ. ಅರ್ಜಿದಾರ ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಹಾಗಾಗಿ ಗಾಡಿ ಉಳ್ಳಾಲದ್ದಾದರೂ, ಅಪಘಾತ ಇನ್ನೆಲ್ಲೋ ಆಗಿದ್ದರೂ, ಗಾಯಾಳು ಜಮಖಂಡಿಯವನಾದರೆ ಕೇಸು ಅಲ್ಲೇ ನಡೆಯಬಹುದು. ಅದರ ಮೇಲಿನ ಅಪೀಲು ಧಾರವಾಡದ ಹೈಕೋರ್ಟ್ ಪೀಠಕ್ಕೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಅದು 2013ರಲ್ಲಿ ಕಾಯಂ ಆಯಿತು.

ಈ ವೃತ್ತಿಗೆ ಬರುವ ದಾರಿ

ಜಮಖಂಡಿಯ ವಕೀಲಿಕೆಗೆ ದೊಡ್ಡ ಪರಂಪರೆ ಉಂಟು. ಸಮೀಪದ ಸಾವಳಗಿಯ ಬಿ.ಡಿ. ಜತ್ತಿ ಜಮಖಂಡಿಯಲ್ಲೇ ವಕೀಲಿಕೆ ಮಾಡಿದವರು. ಮುಂದೆ 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆಗಿದ್ದರು. ತಾಲೂಕು ಕೋರ್ಟಿನ ವಕೀಲ ಎಂದರೆ ಸಣ್ಣವನೆಂದು ತಿಳಿಯಬೇಕಿಲ್ಲ.

ಪರಿಹಾರದ ಕೇಸುಗಳಲ್ಲಿ ಪ್ರತಿವಾದಿ ಪರ ನಿಲ್ಲುವ ವಕೀಲನಿಗೆ ಬೇರೆ ಪದವಿ ಇಲ್ಲ. ಎಲ್‌ಎಲ್‌ಬಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ, ಇಷ್ಟೇ. ಆಮೇಲೆ ಹಿರಿಯರೊಬ್ಬರ ಆಫೀಸಿನಲ್ಲಿ ಜೂನಿಯರ್ ಆಗಿ ಫೈಲು ಹೊರುವ ಕೆಲವು ವರ್ಷ. ಹೆಸರು ಬಂದ ಮೇಲೆ ನ್ಯೂ ಇಂಡಿಯಾ, ಓರಿಯಂಟಲ್, ನ್ಯಾಷನಲ್, ಯುನೈಟೆಡ್ ಇಂಡಿಯಾದಂತಹ ವಿಮಾ ಕಂಪೆನಿಗಳ ಪ್ಯಾನೆಲ್ ಸೇರುವ ಅವಕಾಶ. ಕಂಪೆನಿ ಫೈಲು ಕಳಿಸುತ್ತದೆ, ನಿಗದಿತ ಶುಲ್ಕ ಕೊಡುತ್ತದೆ. ದೊಡ್ಡ ಶ್ರೀಮಂತಿಕೆ ಇಲ್ಲದಿದ್ದರೂ ಕೆಲಸ ತಪ್ಪುವುದಿಲ್ಲ.

ಇವರ ದಿನನಿತ್ಯದ ಕೆಲಸ ಸಿನೆಮಾದ ವಾದದಂತೆ ಅಲ್ಲ ಮಾರಾಯ್ರೆ, ಕಾಗದದ ಕೆಲಸ. ಎಫ್‌ಐಆರ್ ಅದೇ ದಿನ ಆಗಿದೆಯೇ, ಹತ್ತು ದಿನ ತಡವಾಗಿದೆಯೇ? ಸ್ಥಳ ಪಂಚನಾಮೆಯ ನಕ್ಷೆಯಲ್ಲಿ ಗಾಡಿ ರಸ್ತೆಯ ಯಾವ ಬದಿಗಿತ್ತು? ಮೋಟಾರು ವಾಹನ ನಿರೀಕ್ಷಕರ ವರದಿಯಲ್ಲಿ ಗಾಡಿಗೆ ಆದ ಜಖಂ ಮುಂದೆಯೋ ಹಿಂದೆಯೋ? ಆಸ್ಪತ್ರೆಯ ದಾಖಲೆಯಲ್ಲಿ 'ಬೈಕಿನಿಂದ ತಾನೇ ಬಿದ್ದ' ಎಂದು ಬರೆದು, ಆಮೇಲೆ ಲಾರಿ ಬಂದು ಸೇರಿತೇ? ವೈದ್ಯರು ಕಾಲಿನ ಊನ ಶೇ. 40 ಎಂದರೆ ಅದು ಆ ಕಾಲಿಗೆ ಮಾತ್ರವೋ, ಇಡೀ ದೇಹಕ್ಕೋ, ಅವನ ದುಡಿಮೆಗೆ ಎಷ್ಟು ಪೆಟ್ಟು? ಪಾಟೀಸವಾಲಿನಲ್ಲಿ ಈ ಒಂದೊಂದು ಪ್ರಶ್ನೆಗೂ ಲಕ್ಷಗಳ ಬೆಲೆ ಇದೆ.

ಬನಹಟ್ಟಿಯಂತಹ ಮಗ್ಗದ ಊರಿನಲ್ಲಿ ಇನ್ನೊಂದು ಬಗೆಯ ಕೇಸೂ ಬರಬಹುದು. ವಿದ್ಯುತ್ ಮಗ್ಗದಲ್ಲಿ ಕೈ ಸಿಕ್ಕಿಕೊಂಡ ಕೆಲಸಗಾರ 1923ರ ಕಾರ್ಮಿಕ ಪರಿಹಾರ ಕಾಯ್ದೆಯಡಿ ಪರಿಹಾರ ಕೇಳಬಹುದಿತ್ತು. ಅಲ್ಲಿ ಮಾಲಕನ ತಪ್ಪು ತೋರಿಸಬೇಕೆಂದಿಲ್ಲ, ಕೆಲಸದ ವೇಳೆ ಕೆಲಸದಿಂದಲೇ ಆದ ಗಾಯ ಎಂದಾದರೆ ಸಾಕು.

ಒಂದೇ ಬದಿ, ಎರಡು ಹಿತ

ಮುಖ್ಯ ಮಾತು ಇಲ್ಲಿದೆ. ಅರ್ಜಿಯಲ್ಲಿ ಗಾಡಿ ಮಾಲಕನೂ ಪ್ರತಿವಾದಿ, ವಿಮಾ ಕಂಪೆನಿಯೂ ಪ್ರತಿವಾದಿ. ಹಾಗೆಂದು ಕಂಪೆನಿಯ ವಕೀಲರು ಮಾಲಕನ ವಕೀಲರಲ್ಲ. ಅಪಘಾತದಲ್ಲಿ ನಮ್ಮ ಡ್ರೈವರನದ್ದು ತಪ್ಪಿಲ್ಲ ಎನ್ನುವವರೆಗೆ ಇಬ್ಬರದ್ದೂ ಒಂದೇ ವಾದ. ಅದಾದ ಮೇಲೆ ಕಂಪೆನಿಯ ವಾದವೇ ಬೇರೆ: ಪಾಲಿಸಿಯ ಷರತ್ತು ಮುರಿದಿದ್ದಾರೆ, ಹಣ ಮಾಲಕನೇ ಕೊಡಲಿ. ಅದಕ್ಕೆ ಉತ್ತರ ಹೇಳಲು ಮಾಲಕನ ಕಡೆಯಿಂದ ಯಾರೂ ಇಲ್ಲದಿದ್ದರೆ ಕೋರ್ಟು ಏಕಪಕ್ಷೀಯವಾಗಿ ಮುಂದೆ ಹೋಗುತ್ತದೆ.

ಕಂಪೆನಿ ಎತ್ತುವ ತಕರಾರುಗಳು ಹೆಚ್ಚಾಗಿ ಇವು:

ಡ್ರೈವರನ ಲೈಸೆನ್ಸ್: ಲಘು ವಾಹನದ ಲೈಸೆನ್ಸ್ ಇದ್ದವನು ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಖಚಿತಪಡಿಸಿತು. ಪಿಕಪ್ ಓಡಿಸುವ ನಮ್ಮ ಎಷ್ಟೋ ಹುಡುಗರಿಗೆ ಇದು ದೊಡ್ಡ ನೆಮ್ಮದಿ. ದೊಡ್ಡ ಲಾರಿಗೆ ಮಾತ್ರ ಇದು ನಡೆಯದು. ಲೈಸೆನ್ಸ್ ನಕಲಿ ಎಂದಾದರೆ, ಮಾಲಕ ಸರಿಯಾದ ಎಚ್ಚರ ವಹಿಸಲಿಲ್ಲ ಎಂಬುದನ್ನು ಕಂಪೆನಿ ಸಾಬೀತು ಮಾಡಬೇಕು ಎಂದು 2004ರ ತೀರ್ಪು ಹೇಳಿದೆ. ಆದರೆ ಮಾಲಕ ಕೋರ್ಟಿಗೇ ಬಾರದಿದ್ದರೆ ಅವನ ಎಚ್ಚರವನ್ನು ಹೇಳುವವರು ಯಾರು?

ಲಾರಿಯಲ್ಲಿ ಜನ: ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ಆದರೆ ಸರಕಿನ ಗಾಡಿಯಲ್ಲಿ ಸುಮ್ಮನೆ ಕುಳಿತು ಬಂದವರಿಗೆ ವಿಮೆಯ ಹೊಣೆ ಇಲ್ಲ ಎಂಬುದು 2003ರ ಸುಪ್ರೀಂ ಕೋರ್ಟ್ ತೀರ್ಪು. ಸರಕಿನ ಮಾಲಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಬಂದರೆ ಬೇರೆ ಮಾತು.

ಮಾರಿದ ಗಾಡಿ: ಇದು ಎಲ್ಲಕ್ಕಿಂತ ದೊಡ್ಡ ಬಲೆ. ಹಣ ಕೈಗೆ ಬಂತು, ಗಾಡಿ ಹೋಯಿತು, ಆರ್‌ಸಿ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯಿತು. ಹೀಗೆ ಕೈಯಿಂದ ಕೈಗೆ ಮಾರಾಟವಾದರೂ ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲಕ, ಅವನೇ ಹೊಣೆ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ವಿಮೆ ಇಲ್ಲದೆ ಅವನು ಓಡಿಸಿದ ಗಾಡಿಯ ಪರಿಹಾರವನ್ನು, ಯಾವಾಗಲೋ ಮಾರಿದ ನೀವು ಕಟ್ಟಬೇಕಾಗುತ್ತದೆ.

ಷರತ್ತು ಮುರಿದದ್ದು ಸಾಬೀತಾದರೂ ಬಡ ಅರ್ಜಿದಾರ ಬರಿಗೈಲಿ ಹೋಗಬಾರದೆಂದು ಕೋರ್ಟು ಅನೇಕ ಸಲ 'ಮೊದಲು ಕಂಪೆನಿ ಕೊಡಲಿ, ಆಮೇಲೆ ಮಾಲಕನಿಂದ ವಸೂಲು ಮಾಡಿಕೊಳ್ಳಲಿ' ಎಂದು ಆದೇಶಿಸುತ್ತದೆ. 'ಕಂಪೆನಿ ದುಡ್ಡು ಕೊಟ್ಟಿತಂತೆ' ಎಂದು ಮಾಲಕ ನಿರಾಳನಾಗಿರುತ್ತಾನೆ. ವಸೂಲಿಗೆ ಕಂಪೆನಿ ಬೇರೆ ದಾವೆ ಹೂಡಬೇಕಿಲ್ಲ, ಅದೇ ತೀರ್ಪಿನ ಮೇಲೆ ಅವನ ಆಸ್ತಿಗೆ ಕೈ ಹಾಕಬಹುದು.

ಮೊತ್ತ ಎಷ್ಟು?

ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟು 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳಲ್ಲಿ ನಿಗದಿ ಮಾಡಿದೆ. ಉದಾಹರಣೆಗೆ, ಸ್ವಂತ ದುಡಿಮೆಯ 35 ವರ್ಷದ ಒಬ್ಬ ತೀರಿಕೊಂಡ, ತಿಂಗಳ ಆದಾಯ 15,000 ರೂಪಾಯಿ, ಅವನನ್ನೇ ನಂಬಿದವರು ನಾಲ್ವರು ಎನ್ನೋಣ. ವರ್ಷಕ್ಕೆ 1,80,000. ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ. 40 ಸೇರಿಸಿದರೆ 2,52,000. ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 1,89,000. ಈ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆ, ಸಾಂಗತ್ಯ ನಷ್ಟ ಮುಂತಾದವು ಮತ್ತು ಬಡ್ಡಿ ಬೇರೆ. ಈಗ ಹೇಳಿ, ಒಂದು ಹಳೆಯ ಲಾರಿಯ ಮಾಲಕ ಇದನ್ನು ಕೈಯಿಂದ ಕಟ್ಟಿದರೆ ಅವನ ಮಕ್ಕಳ ಓದು, ಮದುವೆ, ಮನೆ ಏನಾಗಬೇಕು?

ಹಾಗೆಂದು ಗಾಯಾಳುವಿನ ನೋವನ್ನು ನಾವು ಹಗುರ ಮಾಡುತ್ತಿಲ್ಲ. ದುಡಿಯುವವನನ್ನು ಕಳಕೊಂಡ ಮನೆಗೆ ಪರಿಹಾರ ಹಕ್ಕು. ಒಳ್ಳೆಯ ಪ್ರತಿವಾದಿ ವಕೀಲನ ಕೆಲಸ ಆ ಹಕ್ಕನ್ನು ಕಸಿಯುವುದಲ್ಲ, ಮೊತ್ತ ನ್ಯಾಯವಾಗಿದೆಯೇ, ಕೊಡಬೇಕಾದವರೇ ಕೊಡುತ್ತಿದ್ದಾರೆಯೇ ಎಂದು ನೋಡುವುದು. ನಿಜವಾದ ಕೇಸೆಂದು ಕಂಡರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವುದೂ ಅವರ ಜಾಣತನವೇ. ವಿಧವೆಯೊಬ್ಬಳಿಗೆ ವರ್ಷಗಟ್ಟಲೆ ಕಾಯದೆ ಹಣ ಸಿಗುತ್ತದೆ.

ನಾವು ಮಾಡಬೇಕಾದದ್ದು

ಸಮನ್ಸ್ ಬಂದ ದಿನವೇ ಪಾಲಿಸಿ, ಆರ್‌ಸಿ, ಪರ್ಮಿಟ್, ಎಫ್‌ಸಿ, ಡ್ರೈವರನ ಲೈಸೆನ್ಸ್ ಪ್ರತಿಗಳನ್ನು ಹಿಡಿದು ಪರಿಚಯದ ವಕೀಲರನ್ನು ಕಾಣಿ. ಅವರ ಮೂಲಕ ಜಮಖಂಡಿಯಲ್ಲೋ ಮುಧೋಳದಲ್ಲೋ ಸ್ಥಳೀಯ ವಕೀಲರಿಗೆ ವಕಾಲತ್ತು ಕೊಡಿಸಿ. ಅವರು ಮೊದಲು ಕೇಳುವುದು "ಅವತ್ತು ಪಾಲಿಸಿ ಚಾಲ್ತಿ ಇತ್ತೇನ್ರಿ?" ಎಂದೇ. ಉತ್ತರ ಕಾಗದದಲ್ಲಿರಬೇಕು. ಏಕಪಕ್ಷೀಯ ತೀರ್ಪು ಆಗಿಹೋಗಿದ್ದರೆ ಅದನ್ನು ರದ್ದು ಮಾಡಿಸುವ ಅರ್ಜಿಗೆ ಇರುವುದು 30 ದಿನ ಮಾತ್ರ. ಡ್ರೈವರನನ್ನು ಸೇರಿಸಿಕೊಳ್ಳುವಾಗ ಲೈಸೆನ್ಸನ್ನು ಸಾರಿಗೆ ಇಲಾಖೆಯ ದಾಖಲೆಯಲ್ಲಿ ತಾಳೆ ನೋಡಿ, ಪ್ರತಿ ಇಟ್ಟುಕೊಳ್ಳಿ. ಗಾಡಿ ಮಾರಿದರೆ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ, ಆರ್‌ಸಿ ಬದಲಾಗುವ ತನಕ ಬೆನ್ನು ಹತ್ತಿ.

ಇನ್ನೊಂದು ಮಾತು ನಮ್ಮ ಮಕ್ಕಳಿಗೆ. ಮಂಗಳೂರಿನ ಎಸ್‌ಡಿಎಂ ಕಾಲೇಜಿನಲ್ಲೋ ಉಡುಪಿಯ ವೈಕುಂಠ ಬಾಳಿಗಾ ಕಾಲೇಜಿನಲ್ಲೋ ಕಾನೂನು ಓದುವ ನಮ್ಮ ಹುಡುಗರು, ಹುಡುಗಿಯರು ಈ ಕ್ಷೇತ್ರದ ಕಡೆಗೂ ಕಣ್ಣು ಹಾಯಿಸಲಿ. ಗಾಡಿ ಓಡಿಸುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಗಾಡಿಯ ಕಾಗದ ಓದಿ ಹೇಳುವವರೂ ಮನೆಯಲ್ಲಿ ಒಬ್ಬರಿರಲಿ.