ಹೆಸರು ಗುಟ್ಟಾಗಿರಲಿ, ವಿಳಾಸವಲ್ಲ

ಬಡಾವಣೆಯ ಮದ್ಯದಂಗಡಿ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಅದರ ನಾಮಫಲಕವೇ ದಾರಿ ತೋರಿಸುತ್ತದೆ. ಆದರೆ ಕುಡಿತದಿಂದ ಬಿಡುಗಡೆ ಬಯಸುವವರು, ತಮ್ಮಂತೆಯೇ ನರಳಿ ಹೊರಬಂದವರು ಸೇರುವ ಸಭೆ ಎಲ್ಲಿ ನಡೆಯುತ್ತದೆಯೆಂದು ವಿಚಾರಿಸಿದರೆ ಹೇಳುವವರು ವಿರಳ. ನೆರೆಯವರಲ್ಲಿ ಕೇಳಲು ಸಂಕೋಚ, ಕಚೇರಿಯಲ್ಲಿ ಕೇಳಲು ಭಯ, ಬಂಧುಗಳಲ್ಲಿ ಕೇಳಿದರೆ ಮನೆತನದ ಮರ್ಯಾದೆಯ ಪ್ರಶ್ನೆ. ಎಷ್ಟೋ ಸಲ ಹುಡುಕಾಟ ಆರಂಭವಾಗುವ ಮುನ್ನವೇ ಮುಗಿದುಹೋಗುತ್ತದೆ.

ಇದರ ಪರಿಣಾಮ ಸಣ್ಣದಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಈ ಸಮಸ್ಯೆಗೆ ನೆರವು ಬೇಕು. ಆದರೆ ಮದ್ಯಕ್ಕೆ ಪೂರ್ತಿ ದಾಸರಾದ 38 ಮಂದಿಯಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ.

ಅಮೆರಿಕದ ಓಹಾಯೊ ರಾಜ್ಯದ ಅಕ್ರಾನ್ ನಗರದಲ್ಲಿ 1935ರಲ್ಲಿ ಷೇರು ದಲ್ಲಾಳಿ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಭೇಟಿಯಾದರು. ಇಬ್ಬರೂ ಕುಡಿತದಿಂದ ಬದುಕನ್ನು ಹಾಳುಮಾಡಿಕೊಂಡವರು. ಒಬ್ಬ ವ್ಯಸನಿಯ ಸಂಕಟ ಇನ್ನೊಬ್ಬ ವ್ಯಸನಿಗೆ ಅರ್ಥವಾಗುವಷ್ಟು ಬೇರೆಯವರಿಗೆ ಆಗದು ಎಂಬ ಅವರ ಅರಿವೇ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಅಥವಾ ‘ಎಎ’ ಬಳಗಕ್ಕೆ ತಳಹದಿಯಾಯಿತು. ಭಾರತದಲ್ಲಿ ಅದು 1957ರಲ್ಲಿ ಬೇರೂರಿತು. ಸದಸ್ಯನಾಗಲು ಕುಡಿತ ಬಿಡುವ ಬಯಕೆಯೊಂದೇ ಅರ್ಹತೆ. ಶುಲ್ಕವಿಲ್ಲ; ಸದಸ್ಯರು ಸ್ವಇಚ್ಛೆಯಿಂದ ಕೊಡುವ ಕಾಣಿಕೆಯಿಂದಲೇ ಖರ್ಚು ನಡೆಯುತ್ತದೆ.

ಹೆಸರಿನಲ್ಲಿರುವ ‘ಅನಾನಿಮಸ್’ ಎಂಬ ಪದವನ್ನು ನಾವು ತಪ್ಪಾಗಿ ತಿಳಿದಂತಿದೆ. ಅನಾಮಧೇಯತೆ ಇರುವುದು ಸದಸ್ಯನ ರಕ್ಷಣೆಗೆ, ಸಭೆಯನ್ನು ಬಚ್ಚಿಡುವುದಕ್ಕಲ್ಲ. ಯಾರು ಬಂದಿದ್ದರು, ಏನು ಹೇಳಿಕೊಂಡರು ಎಂಬುದು ಆ ಕೋಣೆಯಲ್ಲೇ ಉಳಿಯಬೇಕು. ಕೋಣೆ ಎಲ್ಲಿದೆ ಎಂಬುದು ಮಾತ್ರ ಊರಿಗೆಲ್ಲ ತಿಳಿದಿರಬೇಕು.

ವಿಳಾಸ ಸಿಕ್ಕಮೇಲೂ ಮೊದಲ ಸಲ ಹೊಸ್ತಿಲು ದಾಟುವುದು ಕಠಿಣ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಕೇವಲ 20 ಮಂದಿಯನ್ನು ಒಳಗೊಂಡ ಪುಟ್ಟ ಅಧ್ಯಯನವೊಂದು ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಅರ್ಧದಷ್ಟು ಜನರಿಗೆ ಸಭೆಯ ಸ್ಥಳ, ಸಮಯ ತಿಳಿಸಿ ಹೋಗುವಂತೆ ಸಲಹೆ ನೀಡಲಾಯಿತು. ಅವರಲ್ಲಿ ಒಬ್ಬರೂ ಹೋಗಲಿಲ್ಲ. ಉಳಿದವರಿಗೆ ಅಲ್ಲಿಯೇ ಬಳಗದ ಸದಸ್ಯರೊಬ್ಬರೊಡನೆ ದೂರವಾಣಿಯಲ್ಲಿ ಮಾತನಾಡಿಸಿ, ಅವರ ಜೊತೆಯನ್ನೂ ಒದಗಿಸಲಾಯಿತು, ಅವರೆಲ್ಲರೂ ಹೋದರು. ಚೀಟಿಯಲ್ಲಿ ವಿಳಾಸ ಬರೆದುಕೊಡುವುದಕ್ಕೂ ಜೊತೆಗೊಬ್ಬರನ್ನು ಕೊಡುವುದಕ್ಕೂ ಇರುವ ಅಂತರ ಇದು.

ಹುಡುಕುವವರು ಕೆಲವು ಸಂಗತಿಗಳನ್ನು ಗಮನದಲ್ಲಿಟ್ಟುಕೊಳ್ಳಬಹುದು. ಬಳಗದ ಸಹಾಯವಾಣಿಗೆ ಕರೆ ಮಾಡಿ, ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆಯೆಂದು ಕೇಳಬೇಕು. ಮನದ ನೋವನ್ನು ತೋಡಿಕೊಳ್ಳಲು ಮನೆಮಾತೇ ಬೇಕಾಗಬಹುದು. ‘ಮುಕ್ತ’ ಸಭೆಗೆ ಬಂಧುಮಿತ್ರರೂ ಬರಬಹುದು. ‘ಮುಚ್ಚಿದ’ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಮೊದಲ ದಿನ ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಒಂದು ಗುಂಪು ಹೊಂದದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಹೊರಗೆ ಕಾಣಿಸಿಕೊಳ್ಳಲು ಅಳುಕುವವರಿಗೆ, ಅದರಲ್ಲೂ ಗಂಡಸರೇ ತುಂಬಿದ ಸಭೆಗೆ ಹಿಂಜರಿಯುವ ಮಹಿಳೆಯರಿಗೆ, ಆನ್‌ಲೈನ್ ಸಭೆಗಳೂ ಇವೆ. ಕುಟುಂಬದವರಿಗೆಂದೇ 1951ರಲ್ಲಿ ಆರಂಭವಾದ ‘ಅಲ್-ಅನಾನ್’ ಬಳಗವಿದೆ. ವ್ಯಸನಿ ಒಪ್ಪದಿದ್ದರೂ ಮನೆಯವರು ಅಲ್ಲಿಗೆ ಹೋಗಬಹುದು.

ಆದರೆ ಸಭೆ ವೈದ್ಯರಿಗೆ ಬದಲಿಯಲ್ಲ. ದೀರ್ಘಕಾಲ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಮತಿಭ್ರಮಣೆ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರ ನಿಗಾದಲ್ಲಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತವಾಗಿ ಲಭ್ಯ.

ಎಎ ಒಂದೇ ದಾರಿಯೂ ಅಲ್ಲ. ಅದರ ಹನ್ನೆರಡು ಹಂತಗಳಲ್ಲಿ ಬರುವ ದೈವಶಕ್ತಿಯ ಮಾತು ಎಲ್ಲರಿಗೂ ಹಿಡಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಪರಿಚಿತ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಒಟ್ಟುಗೂಡುತ್ತಾರೆ. ರೂಪ ಬೇರೆಯಾದರೂ ತತ್ವ ಒಂದೇ: ಬಿಡುವುದಕ್ಕಿಂತ ಬಿಟ್ಟದ್ದನ್ನು ಉಳಿಸಿಕೊಳ್ಳುವುದು ಕಷ್ಟ, ಅದಕ್ಕೆ ಜೊತೆ ಬೇಕು.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅಂಗಡಿ ಮುಚ್ಚುವುದೋ ಬಿಡುವುದೋ ಎಂಬ ಚರ್ಚೆ ನಮ್ಮಲ್ಲಿ ಬೇಕಾದಷ್ಟು ನಡೆದಿದೆ. ಬಿಡಲು ಹೊರಟವರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ದೊರೆತಿಲ್ಲ. ಇದಕ್ಕೆ ದೊಡ್ಡ ಹಣವೇನೂ ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಗ್ರಂಥಾಲಯ, ಕಾರ್ಖಾನೆ, ಅಪಾರ್ಟ್‌ಮೆಂಟುಗಳ ಸೂಚನಾ ಫಲಕದಲ್ಲಿ ಹತ್ತಿರದ ಸಭೆಯ ದಿನ, ಸಮಯ, ಭಾಷೆ ನಮೂದಿಸಿದರೆ ಸಾಕು. ಶಾಲೆ, ಸಮುದಾಯ ಭವನಗಳು ವಾರಕ್ಕೊಂದು ಸಂಜೆ ಕೋಣೆಯೊಂದನ್ನು ಬಿಟ್ಟುಕೊಡಬಹುದು. ವೈದ್ಯರು ಔಷಧಿಯ ಚೀಟಿ ಬರೆಯುವ ಮುನ್ನ, ರೋಗಿಯ ಒಪ್ಪಿಗೆ ಪಡೆದು, ಬಳಗದವರಿಗೊಂದು ಕರೆ ಮಾಡಬಹುದು. ಕುಡಿತ ಬಿಡುವ ಮನಸ್ಸು ಕೆಲವೇ ಗಂಟೆಗಳ ಮಟ್ಟಿಗೆ ಮೂಡಿ ಮರೆಯಾಗಬಹುದು. ಆ ಗಂಟೆಗಳಲ್ಲಿ ಅವರ ಕಣ್ಣಿಗೆ ಬೀಳಬೇಕಾದದ್ದು ಮದ್ಯದಂಗಡಿಯ ಫಲಕವೊಂದೇ ಆಗಬಾರದು.