ಕಾಳಿ ತೀರದ ಕಾರ್ಖಾನೆ ಮತ್ತು ಕಾವಲಿನ ಪ್ರಶ್ನೆ

ಸೇವೆಯಲ್ಲಿದ್ದಾಗ ನಾನು ಹಲವು ಬಾರಿ ದಾಂಡೇಲಿಗೆ ಹೋಗಿದ್ದೆ. ಆಗ ಅದು ಹಳಿಯಾಳ ತಾಲ್ಲೂಕಿಗೆ ಸೇರಿತ್ತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಆ ಊರಿಗೆ ಅನ್ನ ನೀಡಿದೆ. ಒಡೆತನದ ಕುಟುಂಬದ ಹೆಸರು ಬಂಗೂರನಗರವೆಂಬ ಬಡಾವಣೆಯಲ್ಲೇ ಇದೆ. ಅದೇ ಕಂಪನಿಯ ಷೇರು ಮುಂಬೈ ಪೇಟೆಯಲ್ಲಿ ನಿತ್ಯ ಮಾರಾಟವಾಗುತ್ತದೆ.

1992ರಲ್ಲಿ ಭಾರತ ವಿದೇಶಿ ಸಾಂಸ್ಥಿಕ ಹೂಡಿಕೆದಾರರಿಗೆ ಷೇರುಪೇಟೆಯ ಬಾಗಿಲು ತೆರೆಯಿತು. ಬಂಡವಾಳದೊಂದಿಗೆ ದೂರದೇಶಗಳ ತಲ್ಲಣವೂ ಬಂತು. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗಿಳಿಯಿತು. 2011ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಪೇಪರ್ ಸಂಸ್ಥೆಯು ಬಂಗೂರ್ ಮನೆತನದ ಒಂದು ಕವಲಿನಿಂದ ಆಂಧ್ರದ ಕಾಗದ ಕಂಪನಿಯನ್ನು ಕೊಂಡಿತು. 2019ರಲ್ಲಿ ಅದರ ಶೇ 55ರಷ್ಟು ಪಾಲನ್ನು ಮನೆತನದ ಮತ್ತೊಂದು ಕವಲಿನ ಒಡೆತನದಲ್ಲಿರುವ ದಾಂಡೇಲಿಯ ಕಂಪನಿಗೆ ಮಾರಿತು. ವಿದೇಶಿ ಬಂಡವಾಳ ಬಂದು ಹೋಯಿತು, ಮನೆತನ ಉಳಿಯಿತು.

ಕುಟುಂಬದ ಒಡೆತನಕ್ಕೆ ಇಂಥ ತಾಳ್ಮೆಯುಂಟು. ಆದರೆ ಪ್ರವರ್ತಕರ ಬಳಿಯೇ ಅರ್ಧಕ್ಕಿಂತ ಹೆಚ್ಚು ಷೇರುಗಳಿರುವ ಯಾವುದೇ ಕಂಪನಿಯಲ್ಲಿ ಸಣ್ಣ ಹೂಡಿಕೆದಾರರ ಹಿತ ಕಾಯುವವರಾರು? ಸೆಬಿ 2000ದಲ್ಲಿ 49ನೇ ಷರತ್ತಿನ ಮೂಲಕ ಸ್ವತಂತ್ರ ನಿರ್ದೇಶಕರನ್ನು ಕಡ್ಡಾಯಗೊಳಿಸಿತು. ಆದರೆ ಅವರ ನೇಮಕಕ್ಕೆ ಪ್ರವರ್ತಕರೂ ಮತ ಹಾಕುತ್ತಾರೆ. ಕಾವಲುಗಾರನನ್ನು ಆರಿಸುವವರು ಕಾವಲಿಗೆ ಒಳಪಟ್ಟವರೇ ಆದರೆ ಕಾವಲು ಎಷ್ಟು ಬಿಗಿಯಾದೀತು?

ಈ ಆಯ್ಕೆಯಲ್ಲಿ ಹೊರಗಿನ ಷೇರುದಾರರ ಪ್ರತ್ಯೇಕ ಮತವೇ ನಿರ್ಣಾಯಕವಾಗಬೇಕು. ಆಡಳಿತ ಹದಗೆಟ್ಟರೆ ವಿದೇಶಿ ನಿಧಿಗಳು ಷೇರು ಮಾರಿ ಹೊರಟುಬಿಡುತ್ತವೆ. ದಾಂಡೇಲಿಯಂಥ ಊರಿನ ಕಾರ್ಮಿಕರು ಎಲ್ಲಿಗೆ ಹೋದಾರು?