ಗುಜರಿ ಬ್ಯಾಟರಿಯಲ್ಲಿ ಉಳಿದ ಜೀವ

ಸೌರದೀಪ ಎಂದೊಡನೆ ಕಣ್ಣಿಗೆ ಕಾಣುವುದು ಮಾಡಿನ ಮೇಲಿನ ಫಲಕವಾದರೂ, ಹಗಲಿನ ಬಿಸಿಲನ್ನು ರಾತ್ರಿಗೆ ಕಾಪಿಡುವುದು ಬ್ಯಾಟರಿ. ಫಲಕಕ್ಕಿಂತ ಎಷ್ಟೋ ಮೊದಲು ಸವೆದು, ಮತ್ತೆ ಮತ್ತೆ ಖರ್ಚು ತರುವುದೂ ಅದೇ. ಆದುದರಿಂದ ಹಳೆಯ ಸಾಧನಗಳ ಬಿಡಿಭಾಗಗಳಿಂದ ಸೌರ ಉಪಕರಣ ಕಟ್ಟಹೊರಟವರ ದೃಷ್ಟಿ ಲ್ಯಾಪ್‌ಟಾಪ್‌ನ ಬ್ಯಾಟರಿಯ ಮೇಲೆ ಬಿದ್ದದ್ದು ಸಹಜವಾಗಿದೆ.

ಹಳೆಯ ಮಾದರಿಯ ಲ್ಯಾಪ್‌ಟಾಪ್ ಬ್ಯಾಟರಿಯ ಕವಚದೊಳಗೆ ಸಾಮಾನ್ಯವಾಗಿ ಆರು ಲಿಥಿಯಂ ಅಯಾನ್ ಸೆಲ್‌ಗಳಿರುತ್ತವೆ. 18 ಮಿ.ಮೀ. ಅಡ್ಡಳತೆ ಮತ್ತು 65 ಮಿ.ಮೀ. ಉದ್ದದ ಕಾರಣ 18650 ಎಂದು ಕರೆಯಲಾಗುವ ಈ ಸೆಲ್‌ಗಳನ್ನು ಎರಡೆರಡಾಗಿ ಪಕ್ಕಪಕ್ಕದಲ್ಲಿ ಬೆಸೆದು, ಅಂಥ ಮೂರು ಜೋಡಿಗಳನ್ನು ಒಂದರ ಹಿಂದೊಂದರಂತೆ ಸರಣಿಯಲ್ಲಿ ಕಟ್ಟಿರುತ್ತಾರೆ. ಸರಣಿಯ ಬಲ ಅದರ ಅತಿ ದುರ್ಬಲ ಜೋಡಿಯಷ್ಟೇ ಆದುದರಿಂದ, ಒಂದು ಜೋಡಿ ಸೋತೊಡನೆ ಒಳಗಿನ ರಕ್ಷಣಾ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನೇ ನಿಲ್ಲಿಸಿಬಿಡಬಹುದು. ಒಡೆಯನ ಪಾಲಿಗೆ ಬ್ಯಾಟರಿ ಸತ್ತಿತು. ಉಳಿದ ನಾಲ್ಕು ಸೆಲ್‌ಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಈ ಉಳಿಕೆಯನ್ನು ಅಳೆದು ನೋಡಿದ್ದು ಐಬಿಎಂ ಸಂಸ್ಥೆಯ ಭಾರತೀಯ ಸಂಶೋಧನಾ ವಿಭಾಗ. ಊರ್ಜೆಯನ್ನು ನೆನಪಿಸುವ 'ಉರ್‌ಜಾರ್' ಎಂಬ ಹೆಸರಿನಲ್ಲಿ 2014ರಲ್ಲಿ ಅದು ಪ್ರಕಟಿಸಿದ ಅಧ್ಯಯನದಂತೆ, ಪರೀಕ್ಷಿಸಿದ ತ್ಯಾಜ್ಯ ಬ್ಯಾಟರಿಗಳಲ್ಲಿ ಕನಿಷ್ಠ ಶೇ. 70ರಷ್ಟರಲ್ಲಿ, ಒಂದು ಎಲ್‌ಇಡಿ ದೀಪವನ್ನು ದಿನಕ್ಕೆ ನಾಲ್ಕು ಗಂಟೆಗೂ ಮಿಗಿಲಾಗಿ ಒಂದು ವರ್ಷ ಉರಿಸುವಷ್ಟು ಕಸುವು ಉಳಿದಿತ್ತು. ಇಂಥ ಸೆಲ್‌ಗಳಿಂದ ಕಟ್ಟಿದ ಉರ್‌ಜಾರ್ ಸಾಧನವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದರೆ ಅದರ ಬೆಲೆ ಸುಮಾರು 600 ರೂಪಾಯಿ ಆಗಬಹುದೆಂದು ಅಂದಾಜಿಸಲಾಗಿತ್ತು.

ಹಾಗೆಂದು ಗುಜರಿಯಿಂದ ತಂದ ಸೆಲ್‌ಗಳನ್ನು ನೇರವಾಗಿ ಜೋಡಿಸುವಂತಿಲ್ಲ, ಏಕೆಂದರೆ ಈ ಕೆಲಸದ ನಿಜವಾದ ಬಂಡವಾಳ ಸೆಲ್ ಅಲ್ಲ, ಅದನ್ನು ಆರಿಸುವ ತಾಳ್ಮೆ. ಉಬ್ಬಿದ, ಸೋರಿದ, ತುಕ್ಕು ಹಿಡಿದ ಅಥವಾ ವೋಲ್ಟೇಜ್ ತೀರಾ ಕುಸಿದಿರುವ ಸೆಲ್‌ಗಳನ್ನು ಮೊದಲೇ ತೆಗೆದುಹಾಕಿ, ಉಳಿದವನ್ನು 4.2 ವೋಲ್ಟ್‌ವರೆಗೆ ಚಾರ್ಜ್ ಮಾಡಿ, ಕೆಲವು ದಿನ ಸುಮ್ಮನೆ ಇಟ್ಟು ತಾವಾಗಿಯೇ ಇಳಿಯುವವನ್ನು ಬೇರ್ಪಡಿಸಿ, ಬಳಿಕ ಪೂರ್ತಿ ಖಾಲಿ ಮಾಡುತ್ತ ಪ್ರತಿಯೊಂದರ ಧಾರಣಶಕ್ತಿಯನ್ನು ಅಳೆದು, ಸಮಾನವಾದವನ್ನೇ ಒಂದೆಡೆ ಸೇರಿಸಬೇಕಾಗುತ್ತದೆ. ಒಂದು ದೀಪಕ್ಕಾಗಿ ದಿನಗಟ್ಟಲೆ ಹಿಡಿಯುವ ಈ ಪರೀಕ್ಷೆಯ ಕೂಲಿಯನ್ನು 'ಬಿಟ್ಟಿ ವಿದ್ಯುತ್' ಎಂದು ಸಂಭ್ರಮಿಸುವವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ಚಾರ್ಜ್ ನಿಯಂತ್ರಕದಲ್ಲಿ, ಅಂದರೆ ಫಲಕದಿಂದ ಬ್ಯಾಟರಿಗೆ ಹರಿಯುವ ವಿದ್ಯುತ್ತಿಗೆ ಮಿತಿ ಹಾಕುವ ಪೆಟ್ಟಿಗೆಯಲ್ಲಿ, ಇನ್ನೂ ದೊಡ್ಡ ಅಪಾಯ ಅಡಗಿದೆ. 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿಗಾಗಿ ಮಾಡಿದ ನಿಯಂತ್ರಕವು ಸುಮಾರು 14.4 ವೋಲ್ಟ್‌ವರೆಗೆ ಒತ್ತುತ್ತದೆ. ಸರಣಿಯಲ್ಲಿರುವ ಮೂರು ಲಿಥಿಯಂ ಸೆಲ್‌ಗಳು ತಾಳುವುದು 12.6 ವೋಲ್ಟ್ ಮಾತ್ರ. ಅದನ್ನು ಮೀರಿದರೆ ಸೆಲ್ ಬಿಸಿಯೇರಿ, ಆ ಬಿಸಿಯೇ ಮತ್ತಷ್ಟು ಬಿಸಿಯನ್ನು ಹುಟ್ಟಿಸಿ, ಬೆಂಕಿ ಹತ್ತಬಹುದು. ಲಿಥಿಯಂಗೆ ಹೊಂದುವ ನಿಯಂತ್ರಕ ಮತ್ತು ಹೊಸ ರಕ್ಷಣಾ ಸರ್ಕ್ಯೂಟ್, ಇವೆರಡನ್ನು ಮಾತ್ರ ಗುಜರಿಯಲ್ಲಿ ಹುಡುಕಬಾರದು.

ಐಬಿಎಂನ ಅಧ್ಯಯನದಲ್ಲಿ ಬೆಂಗಳೂರಿನ ಬೀದಿ ವ್ಯಾಪಾರಿಗಳೂ ಸೇರಿದಂತೆ ಕೆಲವರಿಗೆ ಉರ್‌ಜಾರ್ ಕೊಟ್ಟು ಬಳಸಿ ನೋಡಲು ಹೇಳಿದಾಗ, ಅವರಿಂದ ಬಂದ ಬೇಡಿಕೆಗಳಲ್ಲಿ ಎರಡು ಗಮನಾರ್ಹವಾಗಿದ್ದವು: ದೀಪ ಇನ್ನಷ್ಟು ಪ್ರಖರವಾಗಿರಬೇಕು, ತಂತಿಯನ್ನು ಇಲಿ ಕಡಿಯಬಾರದು.